ಮಾವನ ತಲೆದಿಂಬಿನ ಪಕ್ಕದ ಸ್ಪೀಕರ್

6 ಜುಲೈ 2025, ಭಾನುವಾರ

ಗೊಬ್ಬರದಂಗಡಿಯವರು ಸಂಕ್ರಾಂತಿಗೆ ಕೊಟ್ಟ ಡೈರಿ ಇದು. ಆರು ತಿಂಗಳಿಂದ ಹಾಲಿನ ಪಾತ್ರೆ ಮುಚ್ಚುವ ಕೆಲಸ ಮಾಡುತ್ತಿತ್ತು. ಇವತ್ತು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಇವರು ಮಧ್ಯಾಹ್ನದ ಬಸ್ಸಿಗೇ ಗೌರಿಬಿದನೂರಿಗೆ ಹೊರಟುಹೋದರು, ಫ್ಯಾಕ್ಟರಿ ಶಿಫ್ಟು. ಮಗಳು ರಂಜನಿ ಚಿಂತಾಮಣಿಯಲ್ಲಿ ನಮ್ಮಮ್ಮನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಾಳೆ. ಉಳಿದವರು ಮಾವ ಒಬ್ಬರೇ. ಮಾವನ ಮೇಲಿನ ಸಿಟ್ಟನ್ನು ಮಾವನಿಗೇ ಹೇಳುವ ಧೈರ್ಯ ಇಡೀ ಮೇಲೂರಿನಲ್ಲಿ ಯಾರಿಗೂ ಇಲ್ಲ.

ಹೋದ ತಿಂಗಳು ಮಾವ ಹಿಪ್ಪುನೇರಳೆ ತೋಟದ ಕೆಸರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ರಾಡು ಹಾಕಿ, ಎರಡು ತಿಂಗಳು ಕಾಲು ಊರಬೇಡಿ ಅಂದರು. ಇವತ್ತು ಪಕ್ಕದ ತೋಟದ ಚೆನ್ನರಾಯಪ್ಪ ಒಂದು ಚೀಲ ಮೂಸಂಬಿ ಹಿಡಿದುಕೊಂಡು ಬಂದ. ಯೋಗಕ್ಷೇಮ ಎರಡು ಮಾತು, ಮೂರನೆಯದೇ ವ್ಯವಹಾರ.

"ಮುದ್ದಪ್ಪಣ್ಣ, ಇನ್ನೇನ್ ನಿನ್ ಕೈಲಿ ಹುಳ ಮೇಯ್ಸಕ್ಕಾಗ್ತದಾ? ತೋಟ, ಹುಳಮನೆ ಎರಡೂ ಗುತ್ತಿಗೆಗೆ ನಂಗೆ ಬಿಟ್ಬಿಡು."

ಮಾವ ಸೂರು ನೋಡುತ್ತಾ ಯೋಚನೆ ಮಾಡುತ್ತಿದ್ದರು. ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಬಾಯಿಂದ ಅದ್ಯಾವ ದೇವರು ಹೇಳಿಸಿದನೋ, "ಬಿಡಲ್ಲ. ನಾನು ಮೇಯ್ಸ್ತೀನಿ" ಅಂದುಬಿಟ್ಟೆ.

ಚೆನ್ನರಾಯಪ್ಪ ನಕ್ಕ. ಮಾವ ನಗಲಿಲ್ಲ, ಅದು ಇನ್ನೂ ಕೆಟ್ಟದ್ದು. "ಸೊಪ್ಪು ಕುಯ್ಯೋದು ಬೇರೆ, ಹುಳ ಮೇಯ್ಸೋದು ಬೇರೆ ಕಣಮ್ಮ. ಅದುಕ್ಕೆ ಕಿವಿ ಬೇಕು" ಅಂದರು.

ಕಿವಿಯ ಮಾತು ನಿಜವೇ. ಮಾವ ಹುಳಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ರೇಷ್ಮೆಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಯಾವ ಸಾಲು ಹಸಿದಿದೆ, ಯಾವ ಮೂಲೆಯಲ್ಲಿ ಸೊಪ್ಪು ಬಾಡಿದೆ ಎಂದು ಹೇಳುತ್ತಾರೆ. ಆ ಸದ್ದಿಗೆ ಅಡ್ಡ ಬರಬಾರದೆಂದು ಒಳಗೆ ಯಾರೂ ಪಿಟಕ್ಕೆನ್ನುವಂತಿಲ್ಲ. ಹದಿನೆಂಟು ವರ್ಷ ಸೊಪ್ಪಿನ ಹೊರೆ ಹೊತ್ತು ಒಳಗೆ ಹೋಗಿ ಬಂದಿದ್ದೇನೆ, ಒಂದು ಮಾತು ಆಡಿಲ್ಲ. ನಾನು! ತವರಿನಲ್ಲಿ ನನಗೆ ರೇಡಿಯೋ ಅಂತ ಹೆಸರಿತ್ತು.

ಕೊನೆಗೆ ಮಾವ, "ಒಂದ್ ಬೆಳೆ ನೋಡಣ. ಕೆಟ್ರೆ ತೋಟ ಚೆನ್ನರಾಯಪ್ಪಂದು" ಅಂದರು. ಮೂಸಂಬಿ ಹುಳಿ ಇದ್ದವು.

13 ಜುಲೈ, ಭಾನುವಾರ

ಹುಳಮನೆಗೆ ಸುಣ್ಣ ಹೊಡೆದು, ಔಷಧಿ ನೀರು ಸಿಂಪಡಿಸಿ ಕೈಯ ಚರ್ಮ ಸುಲಿದಿದೆ. ನಾಡಿದ್ದು ಮರಿಹುಳ ಬರುತ್ತವೆ. ಬೆಳಗ್ಗೆಯಿಂದ ಮಾವನದು ಒಂದೇ ಹಟ, ತಮ್ಮನ್ನು ಮಂಚದ ಸಮೇತ ಹೊತ್ತುಕೊಂಡು ಹೋಗಿ ಹುಳಮನೆಯಲ್ಲಿ ಇಳಿಸಿ ಅಂತ. ಮನೆಗೂ ಹುಳಮನೆಗೂ ನಡುವೆ ಒಂದು ಕಾಲುವೆ, ಒಂದು ಏರು, ಇನ್ನೂರು ಮಾರು ಕೆಸರು. ಇವರು, "ಅಪ್ಪಾ, ಇನ್ನೊಂದ್ ಸೊಂಟ ಎಲ್ಲಿಂದ ತರಾಣ?" ಅಂದರು. ಅಪ್ಪ ಮಗ ಊಟದ ತನಕ ಮಾತು ಬಿಟ್ಟರು.

ಉಪಾಯ ನನ್ನದೇ. ಇವರ ಹಳೇ ಫೋನನ್ನು ಹುಳಮನೆಯಲ್ಲಿ ಇಡುವುದು, ಅದರಿಂದ ನನ್ನ ಫೋನಿಗೆ ಕಾಲ್ ಮಾಡಿ, ನನ್ನ ಫೋನನ್ನು ಮಾವನ ಪಕ್ಕ ಬಿಟ್ಟುಹೋಗುವುದು. ಮಲಗಿದ್ದಲ್ಲೇ ಕೇಳಲಿ. ಪರೀಕ್ಷೆಗೆ ಇವರು ದನದ ಕೊಟ್ಟಿಗೆಯಿಂದ ಕಾಲ್ ಮಾಡಿದರು. ಮಾವ ಫೋನನ್ನು ಕಿವಿಗೆ ಒತ್ತಿ, "ನೊಣ ಗುಂಯ್ ಅಂದಂಗದೆ" ಎಂದು ಅದನ್ನು ಹಾಸಿಗೆಯ ಮೇಲೆ ಎಸೆದರು. ಅದಕ್ಕೊಂದು ಸ್ಪೀಕರ್ ಬೇಕು.

16 ಜುಲೈ, ಬುಧವಾರ

ನಿನ್ನೆ ಮರಿಹುಳ ಬಂದವು, ಎರಡನೇ ಜ್ವರ ಮುಗಿಸಿಕೊಂಡು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ಒಂದು ದಿನ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಹಾಗನ್ನುತ್ತೇವೆ. ಇದನ್ನೆಲ್ಲ ಯಾರಿಗೆ ವಿವರಿಸುತ್ತಿದ್ದೇನೋ.

ಬೆಳಗಿನ ಸೊಪ್ಪು ಹಾಕಿ ಶಿಡ್ಲಘಟ್ಟಕ್ಕೆ ಓಡಿದೆ. ಪಕ್ಕದ ಮನೆಯ ಕವಿತಳನ್ನೂ ಕರೆದುಕೊಂಡೆ, ಅಂಗಡಿಯವರಿಗೆ ಹೆದರದ ಹೆಣ್ಣು. ಅವಳ ಮನೆಯ ಹುಳ ಈಗ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹಂತದಲ್ಲಿವೆ, ಗಬಗಬ ತಿನ್ನುತ್ತವೆ. ಆ ಸದ್ದನ್ನು ಅವಳ ಕೈಲಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡಿದ್ದೆ.

ಗಣೇಶ್ ಪ್ರಸಾದ್ ಅವರ ಅಂಗಡಿಯಲ್ಲಿ ಡಬ್ಬದಂಥವು, ಉರುಳೆಯಂಥವು, ಬಣ್ಣದ ದೀಪ ಮಿಣಮಿಣ ಅನ್ನುವಂಥವು, ಒಂದು ಗೋಡೆ ತುಂಬ ಸ್ಪೀಕರುಗಳು. ಮೊದಲನೆಯದಕ್ಕೆ ಅವರೇ ಏನೋ ಹಾಡು ಹಾಕಿದರು. ದಬ್ ದಬ್ ದಬ್, ನನ್ನ ಹಲ್ಲೆಲ್ಲ ಅಲುಗಾಡಿದವು.

"ಬೇಸ್ ನೋಡಿ ಮೇಡಂ! ಮದುವೆ ಮನೆ ಅಲ್ಲಾಡ್ಬೇಕು!"

"ನಮ್ ಮನೇಲಿ ಮದುವೆ ಇಲ್ಲಣ್ಣ. ಇದರಲ್ಲಿ ಹುಳ ಸೊಪ್ಪು ತಿನ್ನೋದು ಕೇಳ್ತದಾ?"

ಅವರು ನನ್ನನ್ನು ನೋಡಿದರು, ಕವಿತಳನ್ನು ನೋಡಿದರು. ಕವಿತ, "ಹೌದಣ್ಣ, ಹುಳಾನೇ" ಅಂದಳು.

ರೆಕಾರ್ಡಿಂಗ್ ಹಾಕಿ ಒಂದೊಂದರಲ್ಲೂ ಕೇಳಿದೆ. ಮೊದಲನೆಯದರಲ್ಲಿ ನಮ್ಮ ಹುಳ ಬಂಡೆ ಒಡೆಯುತ್ತಿರುವಂತಿತ್ತು. ದೀಪದ್ದರಲ್ಲಿ ಗೊರಗೊರ. ಒಂದು ಚೆನ್ನಾಗಿತ್ತು, ಆದರೆ ಎರಡು ಗಂಟೆಗೊಮ್ಮೆ ಚಾರ್ಜಿಗೆ ಹಾಕಬೇಕಂತೆ. ಐದನೆಯದು ತೆಂಗಿನ ಚಿಪ್ಪಿನಷ್ಟಿತ್ತು, ನೀಲಿ ಬಣ್ಣ, ದೀಪ ಗೀಪ ಏನಿಲ್ಲ, ನೀರು ಬಿದ್ದರೂ ಕೆಡುವುದಿಲ್ಲ, ಒಂದು ಸಲ ಚಾರ್ಜ್ ಮಾಡಿದರೆ ಹಗಲೆಲ್ಲ ಬರುತ್ತದೆ. ಅದರಲ್ಲಿ ರೆಕಾರ್ಡಿಂಗ್ ಹಾಕಿದಾಗ, ಒಣಗಿದ ಎಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಚರಚರ ಚರಚರ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಈ ಕಡೆ ತಿರುಗಿದರು. ಟಿವಿ ಕೊಳ್ಳಲು ಬಂದಿದ್ದ ಜಂಗಮಕೋಟೆಯ ಮುದುಕರೊಬ್ಬರು ಹತ್ತಿರ ಬಂದು, "ನಾಲ್ಕನೇ ಜ್ವರ ಎದ್ದು ಐದು ದಿನದ ಹುಳ. ಅಲ್ವಾ ತಾಯಿ?" ಅಂದರು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಇದೇ ಕೊಡಿ ಅಂದೆ.

17 ಜುಲೈ, ಗುರುವಾರ

ಸ್ಪೀಕರ್ ಆರಿಸುವುದು ಸುಲಭ, ಜೋಡಿಸುವುದಿದೆಯಲ್ಲ, ಶಿವ ಶಿವಾ. ಗುಂಡಿ ಒತ್ತಿದರೆ ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಗದರುತ್ತಾಳೆ. ಮಾವ ಹೊದಿಕೆ ಎಳೆದುಕೊಂಡು, "ಯಾರಮ್ಮ ಬಂದಿರೋದು?" ಅಂದರು. ಚಿಂತಾಮಣಿಗೆ ಫೋನ್ ಮಾಡಿದೆ.

"ಅಮ್ಮಾ, ಬ್ಲೂಟೂತ್ ಆನ್ ಮಾಡು."

"ಮಾಡಿದೆ ಕಣೇ."

"ಲಿಸ್ಟಲ್ಲಿ ಏನೇನು ಕಾಣ್ತಿದೆ?"

"ಮುದ್ದೆ ಮುದ್ದೆ ಅಕ್ಷರ ಒಂದು. ಇನ್ನೊಂದು ಕವಿತಾ ಟಿವಿ."

"ಕವಿತಾ ಆಂಟಿ ಟಿವಿ ಮುಟ್ಟಬೇಡ ಅಮ್ಮಾ!"

ಅಷ್ಟರಲ್ಲಿ ಮುಟ್ಟಿಯಾಗಿತ್ತು. ಪಕ್ಕದ ಮನೆಯಿಂದ ಕವಿತಳ ಅತ್ತೆ ಅಮ್ಮಾಜಮ್ಮನವರ ಕೂಗು: "ಅಯ್ಯೋ, ಟಿವಿಯೊಳಗೆ ವರಲಕ್ಷ್ಮಿ ಮಗಳು ಮಾತಾಡ್ತಾವ್ಳೆ!" ಅವರಿಗೆ ನೀರು ಕುಡಿಸಿ, ಸಮಾಧಾನ ಮಾಡಿ ಬರಲು ಅರ್ಧ ಗಂಟೆ ಬೇಕಾಯಿತು.

ಎರಡನೆಯ ಸಲ ಗುಂಡಿಯನ್ನು ಐದು ಎಣಿಸುವ ತನಕ ಅದುಮಿ ಹಿಡಿದೆ. ಸ್ಪೀಕರ್ ಟುಣ್ ಅಂದಿತು, ಹೆಂಗಸು ಮೃದುವಾಗಿ "ಕನೆಕ್ಟೆಡ್" ಅಂದಳು. ಹಳೇ ಫೋನನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹುಳಮನೆಗೆ ಕಾಲು ತೊಳೆಯದೆ ದೇವರೂ ಹೋಗುವಂತಿಲ್ಲ ಎನ್ನುವುದು ಮಾವನ ಕಾನೂನು. ಆಮೇಲೆ ಅದರಿಂದ ನನ್ನ ಫೋನಿಗೆ ಕಾಲ್ ಮಾಡಿ, ಸ್ಪೀಕರನ್ನು ತಲೆದಿಂಬಿನ ಪಕ್ಕ ಇಟ್ಟು, ಮಾವನ ಕೆಮ್ಮು ಹುಳಗಳನ್ನು ಬೆಚ್ಚಿಬೀಳಿಸದಂತೆ ಈ ಕಡೆಯ ಫೋನಿಗೆ ಮ್ಯೂಟ್ ಹಾಕಿದೆ. ಹಳೇ ಫೋನನ್ನು ಹಿಡಿದು ಹುಳಮನೆಗೆ ಓಡಿ ಮಧ್ಯಾಹ್ನದ ಸೊಪ್ಪು ಹಾಕಿದೆ.

ಮನೆಗೆ ಬಂದಾಗ ಮಾವ ಕಣ್ಣು ಮುಚ್ಚಿ ಮಲಗಿದ್ದರು, ಸ್ಪೀಕರ್ ಆಫ್ ಆಗಿತ್ತು.

"ಕೇಳಿಸ್ತಾ ಮಾವ?"

ಕಣ್ಣು ತೆರೆಯದೆ, "ಹ್ಞೂಂ. ಕೇಳಿಸ್ತು" ಅಂದರು.

ಗೆದ್ದೆ!

18 ಜುಲೈ, ಶುಕ್ರವಾರ

ಮಾವ ಇವತ್ತು ಮೊದಲ ಅಪ್ಪಣೆ ಕೊಡಿಸಿದರು. "ಕೆಳಗಿನ ಸಾಲಿನ ಹುಳಕ್ಕೆ ಸೊಪ್ಪು ದಪ್ಪ ಆಯ್ತು. ಸಣ್ಣಕ್ಕೆ ಹೆಚ್ಚಿ ಹಾಕು." ನನಗೂ ಬೆಳಗ್ಗೆ ಹಾಗೇ ಅನ್ನಿಸಿತ್ತು. ಆದರೆ ನನ್ನದು ಅನುಮಾನ, ಅವರದು ಕಿವಿ.

19 ಜುಲೈ, ಶನಿವಾರ

ಹುಳ ಮೂರನೇ ಜ್ವರಕ್ಕೆ ಕೂತವು, ತಲೆ ಎತ್ತಿಕೊಂಡು. ಹೇಳೋಣವೆಂದು ಓಡಿ ಬಂದರೆ ಮಾವ, "ಜ್ವರಕ್ಕೆ ಕೂತ್ವು. ಸುಣ್ಣ ಉದುರ್ಸು" ಅಂದರು. ಸದ್ದು ನಿಂತಿದ್ದರಿಂದ ಗೊತ್ತಾಗಿರಬೇಕು. ಎಂಥ ಕಿವಿ!

22 ಜುಲೈ, ಮಂಗಳವಾರ

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಹುಳಮನೆಯಲ್ಲಿ ಮಾತಾಡುತ್ತೇನೆ. ತಡೆಯುವವರು ಯಾರೂ ಇಲ್ಲ, ಕೇಳುವುದಕ್ಕೆ ನಲವತ್ತು ಸಾವಿರ ಹುಳಗಳಿವೆ. ಸೊಪ್ಪು ಹಾಕುತ್ತಾ, "ತಿನಂಡ್ರಾ ನಾಯನಾ, ತಿನಂಡಿ" ಎಂದು ನಮ್ಮಮ್ಮನ ತೆಲುಗಿನಲ್ಲೇ ಮುದ್ದು ಮಾಡುತ್ತೇನೆ. ಯಾವ ತಟ್ಟೆ ಹೇಗಿದೆ ಎಂದು ಪಾಠ ಒಪ್ಪಿಸುತ್ತೇನೆ. ಇವತ್ತು ಮಾವನ ಮೇಲೂ ಶುರು ಹಚ್ಚಿಕೊಂಡೆ: "ಕಾಫಿಗೆ ಸಕ್ಕರೆ ಕಡಿಮೆ ಅಂತೆ! ಹದಿನೆಂಟು ವರ್ಷದಿಂದ ಲೋಟ ಕೆಳಗಿಡೋ ಮುಂಚೆ ಒಂದು ಕೊಂಕು ಇರಲೇಬೇಕು. ಒಂದು ದಿನ ಚೆನ್ನಾಗಿದೆ ಅಂದ್ರೆ ಮುದುಕಪ್ಪನ ಗಂಟೇನ್ ಹೋಗ್ತದೆ?" ಹುಳಗಳು ನನ್ನ ಪಕ್ಷವೇ.

ಸಂಜೆ ಕಾಫಿ ಕೊಟ್ಟೆ. ಮಾವ ಕುಡಿದು ಲೋಟ ಇಟ್ಟು, "ಚೆನ್ನಾಗದೆ" ಅಂದರು. ಜ್ವರ ಗಿರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

27 ಜುಲೈ, ಭಾನುವಾರ

ನಾಲ್ಕನೇ ಜ್ವರ ಮುಗಿದು ಎಲ್ಲ ಒಟ್ಟಿಗೆ ಎದ್ದವು! ಒಂದೂ ಹಿಂದೆ ಬಿದ್ದಿಲ್ಲ. ಇನ್ನು ಒಂದು ವಾರ ಹೊಟ್ಟೆಬಾಕತನ. ಬರೆಯಲು ಪುರುಸೊತ್ತಿಲ್ಲ.

ಇವರು ಬಂದಿದ್ದರು. ಮಾವ ತಮ್ಮ ಕೈಯಿರುವ ಬೆತ್ತದ ಕುರ್ಚಿಯನ್ನು ಹುಳಮನೆಗೆ ಹಾಕಿ ಬಾ ಎಂದು ಇವರಿಗೆ ಹೇಳಿ ಕಳಿಸಿದರು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿದ್ದೇ ನಾನು ನೋಡಿಲ್ಲ. ಮಂಚದ ಹತ್ತಿರ ಜಾಗ ಸಾಲದು ಅಂತ ಇರಬೇಕು. ನನಗೆ ಒಳ್ಳೆಯದೇ ಆಯಿತು, ಕೂರಲು ಒಂದು ಮಣೆಯೂ ಇಲ್ಲವಲ್ಲ ಎಂದು ಮೊನ್ನೆಯಷ್ಟೇ ಹುಳಗಳ ಹತ್ತಿರ ಗೊಣಗಿದ್ದೆ.

29 ಜುಲೈ, ಮಂಗಳವಾರ

ಇವತ್ತು ಜೀವ ಬಾಯಿಗೆ ಬಂದಿತ್ತು. ಎರಡು ದಿನದ ಮೋಡ, ಒಳಗೆ ಸೆಕೆ. ಬಡಗಣ ಮೂಲೆಯ ಎರಡು ಸಾಲು ಹುಳ ಸೊಪ್ಪಿನ ಮೇಲೇ ಸುಮ್ಮನೆ ಬಿದ್ದಿದ್ದವು. ಈ ಹಂತದಲ್ಲಿ ಹುಳ ಊಟ ಬಿಟ್ಟರೆ ಎರಡೇ ದಿನದಲ್ಲಿ ಇಡೀ ಮನೆ ಕೊಳೆಯುತ್ತದೆ. ಚೆನ್ನರಾಯಪ್ಪನ ಮೂಸಂಬಿ ಕಣ್ಣ ಮುಂದೆ ಬಂತು. "ಗಾಳಿ ಆಡ್ತಿಲ್ಲ ಕಣ್ರೋ. ಬಡಗಣ ಕಿಟಕಿ ತೆಗೆದು, ಸೊಪ್ಪು ತೆಳ್ಳಗೆ ಮಾಡಿ, ಸುಣ್ಣ ಉದುರಿಸಿದ್ರೆ ಸರಿಹೋಗ್ತದೇನೋ. ಆದರೆ ಮಳೆಗಾಲದಲ್ಲಿ ಆ ಕಿಟಕಿ ತೆಗೀಬಾರ್ದು ಅಂತ ಮಾವನ ಕಾನೂನು. ಏನ್ ಮಾಡ್ಲಿ ನಾನು?" ಎಂದು ಅಳುತ್ತಾ ಹುಳಗಳನ್ನೇ ಕೇಳಿದೆ.

ಮನೆಗೆ ಓಡಿ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಮಾವ ಮೊಣಕೈ ಊರಿ ಅರ್ಧ ಎದ್ದಿದ್ದರು. "ಬಡಗಣ ಕಿಟಕಿ ತೆಗಿ. ಸೊಪ್ಪು ತೆಳ್ಳಗ್ ಮಾಡು, ಸುಣ್ಣ ಉದುರ್ಸು. ಹೆದರ್ಬೇಡ, ಹೋಗು!"

ಇನ್ನೂರು ಮಾರು ದೂರ ಮಲಗಿಕೊಂಡು, ಗಾಳಿ ಇಲ್ಲದ್ದನ್ನು ಸದ್ದಿನಲ್ಲೇ ಕಂಡುಹಿಡಿದ ಮಹಾನುಭಾವ! ಸಂಜೆಯ ಸೊಪ್ಪಿಗೆ ಎರಡೂ ಸಾಲು ತಲೆ ಎತ್ತಿ ಮೇಯ್ದವು. ಕುರ್ಚಿಯಲ್ಲಿ ಕೂತು ಇನ್ನೊಂದು ಸಲ ಅತ್ತೆ, ಈ ಸಲ ಖುಷಿಗೆ.

31 ಜುಲೈ, ಗುರುವಾರ

ಚೆನ್ನರಾಯಪ್ಪ ಬಂದಿದ್ದ. "ನಂಗೂ ಕೇಳ್ಸಣ್ಣ ನಿನ್ ಹುಳದ ರೇಡಿಯೋ" ಅಂದನಂತೆ. ಮಾವ ಸ್ಪೀಕರನ್ನು ಹೊದಿಕೆಯೊಳಗೆ ಎಳೆದುಕೊಂಡು, "ಚಾರ್ಜಿಲ್ಲ" ಅಂದರಂತೆ. ಬೆಳಗ್ಗೆ ನಾನೇ ಚಾರ್ಜ್ ಮಾಡಿಟ್ಟಿದ್ದೆ. ಮುದುಕರಿಗೆ ಜಿಪುಣತನ ಯಾವುದರಲ್ಲಿ ಬರುತ್ತದೋ ಹೇಳಲಾಗುವುದಿಲ್ಲ.

3 ಆಗಸ್ಟ್, ಭಾನುವಾರ

ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ.

ಬೆಳಗ್ಗೆ ಮೊದಲ ಹಣ್ಣು ಹುಳ ಕಂಡಿತು. ಮೈಯೆಲ್ಲ ದ್ರಾಕ್ಷಿಯ ಹಾಗೆ ತಿಳಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು. ಮೊದಲ ಹಣ್ಣು ಹುಳವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಹತ್ತಿಸುವುದು ಮನೆಯ ಹಿರಿಯರ ಕೈ. ನಮ್ಮಲ್ಲಿ ಯಾವತ್ತೂ ಮಾವನೇ. ಅದಕ್ಕೆ ಕವಿತಳಿಗೆ ಕಾಲು ತೊಳೆಸಿ, ಉಳಿದ ಹುಳಗಳಿಗೆ ಸೊಪ್ಪು ಹಾಕಲು ಹುಳಮನೆಯಲ್ಲಿ ಬಿಟ್ಟು, ಆ ಒಂದು ಹುಳವನ್ನು ಎಲೆಯ ಮೇಲೆ, ಒಂದು ಚಂದ್ರಿಕೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದೆ.

ಮಾವ ತಲೆದಿಂಬಿಗೆ ಒರಗಿ ಕೂತಿದ್ದರು. ನಾನು ಅಷ್ಟು ಬೇಗ ಬರುತ್ತೇನೆಂದು ಎಣಿಸಿರಲಿಲ್ಲವಾದ್ದರಿಂದ ಸ್ಪೀಕರ್ ಇನ್ನೂ ಆನ್ ಇತ್ತು. ಮೂರು ವಾರದಲ್ಲಿ ಮೊದಲ ಸಲ ನಾನೂ ಕಿವಿ ಕೊಟ್ಟೆ.

ಏನೂ ಇಲ್ಲ. ಮಳೆಯೂ ಇಲ್ಲ, ಚರಚರವೂ ಇಲ್ಲ. ಅಲ್ಲಿ ಸಾವಿರಗಟ್ಟಲೆ ಹುಳ ಕಿವಿ ಕಿವುಡಾಗುವಂತೆ ಮೇಯುತ್ತಿವೆ, ಇಲ್ಲಿ ನಿಶ್ಶಬ್ದ. ಕೆಟ್ಟಿದೆ ಅಂದುಕೊಳ್ಳುವಷ್ಟರಲ್ಲಿ ಕವಿತಳ ದನಿ ಗಂಟೆ ಹೊಡೆದ ಹಾಗೆ ಬಂತು: "ಅಬ್ಬಾ, ಏನ್ ಸೆಕೆಯೋ! ಈ ವರಲಕ್ಷ್ಮಿ ಅದೆಂಗ್ ದಿನಾ ಸಾಯ್ತಾಳೋ ಇಲ್ಲಿ!"

ಮಾವನನ್ನು ನೋಡಿದೆ. ಮಾವ ಸೂರು ನೋಡಿದರು.

"ಹುಳದ್ ಸದ್ದೆಲ್ಲಿ ಮಾವ?"

"ಬರಲ್ಲ ಕಣಮ್ಮ."

"ಯಾವತ್ತಿಂದ?"

"ಒಂದಿನಾನೂ ಬರ್ಲಿಲ್ಲ. ಮನುಷ್ಯರ ಮಾತೊಂದೇ ಬರೋದು."

ಎಲೆ ಹಿಡಿದ ಕೈ ಹಾಗೇ ನಿಂತಿತು. ಕಾಫಿ. ಮುದುಕಪ್ಪ. ಅಯ್ಯೋ ದೇವರೇ, ಕುರ್ಚಿ!

"ಮತ್ತೆ ಕೆಳಗಿನ ಸಾಲಿಗೆ ಸಣ್ಣಕ್ಕೆ ಹೆಚ್ಚಿ ಹಾಕು ಅಂದಿದ್ದು?"

"ನೀನೇ ಹುಳದ್ ಹತ್ರ ಅಂದಿದ್ದೆ."

"ಬಡಗಣ ಕಿಟಕಿ?"

"ಅದೂ ನೀನೇ. ನಾನಾಗಿದ್ರೆ ತೆಗೀತಿರ್ಲಿಲ್ಲ. ಕೆಡ್ತಿತ್ತು." ಮಾವ ಈಗ ನನ್ನ ಕಡೆ ತಿರುಗಿದರು. "ಮೊದಲ್ನೇ ದಿನ ಕೇಳ್ತಿಲ್ಲ ಅಂತ ಹೇಳೋಣ ಅಂತಿದ್ದೆ. ಅಷ್ಟ್ರಲ್ಲಿ ನೀನು ಹುಳದ್ ಹತ್ರ ಮಾತಾಡಕ್ ಶುರು ಮಾಡ್ದೆ. ಯಾವ ತಟ್ಟೆ ಹೆಂಗದೆ ಅಂತ ನಾನ್ ನೋಡ್ದಂಗೇ ನೀನೂ ನೋಡ್ತಿದ್ದೆ. ನಿಂಗೆ ಧೈರ್ಯ ಒಂದು ಸಾಲ್ದು. ಅದಕ್ಕೆ ನಿನ್ ಮಾತ್ನೇ ನಿಂಗೆ ತಿರುಗ್ಸಿ ಹೇಳ್ದೆ. ಹದಿನೆಂಟು ವರ್ಷ ನಿನ್ನ ಬಾಯ್ ಮುಚ್ಚಿಸ್ಬಿಟ್ಟಿದ್ನಲ್ಲಮ್ಮ, ತಪ್ಪಾಯ್ತು."

ಬೈಯಬೇಕೆಂದುಕೊಂಡೆ.

ಎಲೆಯನ್ನು ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. "ಯಾರ್ ಮೇಯ್ಸಿದ್ರೋ ಅವ್ರೇ ಹತ್ತಿಸ್ಬೇಕು" ಅಂದರು. ಹತ್ತಿಸಿದೆ. ಹುಳ ಬಿದಿರಿನ ಸುರುಳಿಯೊಳಗೆ ಹೋಗಿ ತಲೆ ಆಡಿಸಿ ಮೊದಲ ಎಳೆ ಬಿಟ್ಟಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಸ್ಪೀಕರಿನಲ್ಲಿ ಕವಿತ ತನ್ನ ಅತ್ತೆಯ ಮೇಲೆ ಶುರು ಹಚ್ಚಿಕೊಂಡಳು. ಮಾವ ಮೆಲ್ಲಗೆ ಕೈ ಚಾಚಿ ಆಫ್ ಮಾಡಿದರು.

ರಂಜನಿಗೆ ಫೋನ್ ಮಾಡಿ ಕೇಳಿದರೆ, ಕಾಲ್ ಮಾಡುವಾಗ ಫೋನು ಗದ್ದಲವನ್ನು ಸೋಸಿ ಮಾತೊಂದನ್ನೇ ಕಳಿಸುತ್ತದಂತೆ. "ಹುಳದ್ದು ಅದರ ಲೆಕ್ಕದಲ್ಲಿ ಗದ್ದಲ ಅಮ್ಮಾ" ಅಂದಳು.

9 ಆಗಸ್ಟ್, ಶನಿವಾರ

ಗೂಡು ಮಾರುಕಟ್ಟೆಯಿಂದ ಈಗ ಬಂದೆ. ನಮ್ಮ ಗೂಡು ಸುರಿದಿದ್ದ ಜಾಲರಿಯ ಮುಂದೆ ನೂಲು ಬಿಚ್ಚುವವರು ನಾಲ್ಕು ಜನ ನಿಂತು, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಯಾರ ಬೆಳೆ?" ಎಂದು ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿದರು. ನಿನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಉಟ್ಟ ಸೀರೆಯನ್ನೇ ಉಟ್ಟುಕೊಂಡು ಹೋಗಿದ್ದೆ, ಒಳ್ಳೆಯದಾಯಿತು.

ಚೆನ್ನರಾಯಪ್ಪ ಸಂಜೆ ಬಂದು ಮತ್ತೆ ತೋಟದ ಮಾತೆತ್ತಿದ. ಮಾವ, "ತೋಟ ಕೇಳ್ಬೇಕಾದ್ದು ನನ್ನಲ್ಲ, ಅವ್ಳನ್ನ" ಅಂದರು. ಅವನು ನನ್ನ ಕಡೆ ತಿರುಗಿದ. ಕಾಫಿ ಕೊಟ್ಟು ಕಳಿಸಿದೆ.

11 ಆಗಸ್ಟ್, ಸೋಮವಾರ

ಹುಳಮನೆ ಖಾಲಿ. ತೊಳೆಯಲು ಬ್ಲೀಚಿಂಗ್ ಪುಡಿ, ಪೊರಕೆ ಹೊತ್ತುಕೊಂಡು ಹೋದೆ. ಹಳೇ ಫೋನನ್ನು ತೆಗೆದುಕೊಳ್ಳಲಿಲ್ಲ, ಕೇಳಲು ಅಲ್ಲೇನಿದೆ ಎಂದು. ಅರ್ಧ ಗೋಡೆ ಉಜ್ಜಿರಬಹುದು, ಕವಿತ ಏದುಸಿರು ಬಿಡುತ್ತಾ ಬಂದು ಆ ಫೋನನ್ನು ನನ್ನ ಕೈಗಿಟ್ಟು, "ನಿಮ್ ಮಾವ ಕೊಟ್ ಕಳ್ಸವ್ರೆ" ಎಂದು ಹೋದಳು. ಕಾಲ್ ಆಗಲೇ ಆನ್ ಇತ್ತು.

ಅದನ್ನು ಕುರ್ಚಿಯ ಮೇಲಿಟ್ಟು ಪೊರಕೆ ಎತ್ತಿಕೊಂಡೆ. ಫೋನಿನೊಳಗಿಂದ ಮಾವನ ದನಿ ಬಂತು. ಮ್ಯೂಟ್ ತೆಗೆಯುವುದನ್ನು ಯಾವಾಗ ಕಲಿತರೋ!

"ವರಲಕ್ಷ್ಮಮ್ಮ."

"ಹುಳ ಇಲ್ಲ ಮಾವ, ಬರೀ ಗೋಡೆ ತೊಳೀತಿದೀನಿ. ಏನ್ ಕೇಳ್ತೀರಾ?"

"ಏನಾರ ಮಾತಾಡಮ್ಮ. ಮನೆ ಬಿಕೋ ಅಂತದೆ."

ಸರಿ ಎಂದು ಗೋಡೆ ಉಜ್ಜುತ್ತಾ, ನಮ್ಮಮ್ಮ ಒಂದು ಸಲ ಚಿಂತಾಮಣಿ ಸಂತೆಯಲ್ಲಿ ಮೇಕೆ ಕಳೆದುಕೊಂಡ ಕಥೆ ಶುರು ಮಾಡಿದೆ. ಮಾವ ನಡುನಡುವೆ ಹ್ಞೂಂ ಅನ್ನುತ್ತಿದ್ದರು.